ವಿನ್ಯಾಸ: ಪ್ರಸನ್ನ

ಪ್ರಸನ್ನ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುತ್ತಿದ್ದುದು ಅವರ ಕಂಪ್ಯೂಟರನ್ನು. ನನ್ನ ಮಾವನವರು ತೀರಿಕೊಂಡಾಗ ಆಫೀಸಿನವರೆಲ್ಲ ಜಯನಗರದ ನಮ್ಮ ಮನೆಗೆ ಬಂದಿದ್ದರು. ಉಳಿದವರು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತರು. ಇವನು ಮಾತ್ರ ಸೀದಾ ಮೂಲೆಯ ಮೇಜಿನ ಹತ್ತಿರ ಹೋದ. ಅಲ್ಲಿ ನನ್ನ ಗಂಡ ಮಾವನವರ ಕಂಪ್ಯೂಟರಿನಲ್ಲಿ ವೈಕುಂಠ ಸಮಾರಾಧನೆಯ ಕಾರ್ಡು ತಿದ್ದುತ್ತಿದ್ದರು. ಪ್ರಸನ್ನ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಅಂಕಲ್ ಇದೇ ಬ್ರೌಸರ್ ಯೂಸ್ ಮಾಡ್ತಿದ್ರಾ? ಕೊನೇವರೆಗೂ?" ಎಂದು ಕೇಳಿದ. ಹೌದು ಎಂದರು ಇವರು. "ಪಾಪ" ಎಂದ. ಅವತ್ತು ಅವನ ಬಾಯಿಂದ ಬಂದ ಸಂತಾಪದ ಮಾತು ಅದೊಂದೇ. ಹೊರಡುವ ಮುಂಚೆ ಯಾರನ್ನೂ ಕೇಳದೆ ಸ್ಕ್ರೀನ್ ರೆಸಲ್ಯೂಷನ್ ಬದಲಾಯಿಸಿಯೂ ಹೋದ. ಪರದೆಯ ಮೇಲಿನ ಅಕ್ಷರಗಳೆಲ್ಲ ಸಾಸಿವೆ ಕಾಳಿನಷ್ಟಾದವು. ಕಾರ್ಡು ಮುಗಿಸಲು ನನ್ನ ಗಂಡ ಮಾವನವರ ಭೂತಗನ್ನಡಿಯನ್ನೇ ಹುಡುಕಿ ತರಬೇಕಾಯಿತು.

ಬನಶಂಕರಿ ಎರಡನೇ ಹಂತದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕಲ್ಯಾಣ ಮಂಟಪ, ಟ್ಯೂಷನ್ ಸೆಂಟರು, ಹಲ್ಲಿನ ಡಾಕ್ಟರು, ಇಂಥವರಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕಸುಬು. ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ನೋಡಲು ಹೇಗಿರಬೇಕು ಎಂದು ತೀರ್ಮಾನಿಸುವುದು ಪ್ರಸನ್ನನದು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷವಾದರೂ ಚಿಕ್ಕವನು, ಆದರೆ ಮಾಲೀಕರ ಅಕ್ಕನ ಮಗ. ಆ ಬೇಕರಿಯ ಕಟ್ಟಡವೂ ಅವರ ಮನೆತನದ್ದೇ, ಹಿಂದೊಮ್ಮೆ ಅವರ ಹೊಲವಿದ್ದ ಜಾಗವಂತೆ. ಹೀಗಾಗಿ ಅವನ ಮಾತಿಗೆ ಎದುರಾಡುವವರು ಆ ಮಹಡಿಯಲ್ಲಿ ಯಾರೂ ಇರಲಿಲ್ಲ.

ಮನುಷ್ಯರನ್ನು ಅವನು ಬ್ರೌಸರಿನ ಮೇಲೆ ಅಳೆಯುತ್ತಿದ್ದ. ಇಂಟರ್ನೆಟ್ ನೋಡಲು ಯಾವ ಕಿಟಕಿ ತೆರೆಯುತ್ತಾರೆ ಎಂಬುದರಲ್ಲೇ ಅವರ ಹಣೆಬರಹವೆಲ್ಲ ಇದೆ ಎಂದು ನಂಬಿದ್ದ. ಕಂಪ್ಯೂಟರಿನ ಜೊತೆ ಬಂದದ್ದನ್ನೇ ಬಳಸುವವರು "ಕೊಟ್ಟಿದ್ದು ತಿಂದ್ಕೊಂಡು ಬಿದ್ದಿರೋರು". ಎಲ್ಲರೂ ಬಳಸುವ ಬಣ್ಣದ ಚಕ್ರದ ಗುರುತಿನದನ್ನು ಬಳಸುವವರು "ಕುರಿ ಮಂದೆ". ಬ್ರೌಸರ್ ಎಂಬ ಪದವೇ ಗೊತ್ತಿಲ್ಲದೆ ಅದನ್ನು "ಇಂಟರ್ನೆಟ್ಟು" ಎಂದು ಕರೆಯುವ ನನ್ನಂಥವರಿಗೆ ಅವನ ಲೆಕ್ಕದಲ್ಲಿ ಹೆಸರೇ ಇರಲಿಲ್ಲ. ಅವನದು ಯಾರೂ ಕೇಳಿರದ ಒಂದು ಬ್ರೌಸರು, ಕಪ್ಪು ಚುಕ್ಕೆಯ ಗುರುತು. ಅದರಲ್ಲಿ ಅರ್ಧಕ್ಕರ್ಧ ಸೈಟುಗಳು ತೆರೆಯುತ್ತಲೇ ಇರಲಿಲ್ಲ. "ಆ ಸೈಟ್‌ಗಳೇ ಸರಿ ಇಲ್ಲ" ಎನ್ನುತ್ತಿದ್ದ. ಕರೆಂಟ್ ಬಿಲ್ ಕಟ್ಟಬೇಕಾದಾಗ ಮಾತ್ರ ಕಳ್ಳಬೆಕ್ಕಿನ ಹಾಗೆ ನನ್ನ ಮೇಜಿಗೆ ಬಂದು ಕುರಿಗಳ ಚಕ್ರವನ್ನೇ ಒತ್ತುತ್ತಿದ್ದ. ಏನು ಪ್ರಸನ್ನ ಎಂದರೆ, "ಟೆಸ್ಟಿಂಗ್ ಮೇಡಂ" ಎಂದುಬಿಡುತ್ತಿದ್ದ.

ಅವನ ಪರದೆ ಒಂದು ಪುಟ್ಟ ಊಟದ ಮೇಜಿನಷ್ಟು ಅಗಲ. ಬೆಳಿಗ್ಗೆ ಬಂದವನೇ ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ. ಚಹದ ಲೋಟ ಹಿಡಿದು ಅದರ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಎದುರಿಗೆ ಬಂದು ಕೂತವರ ಮುಖವನ್ನು ಅವನು ನೋಡಿದ್ದು ನನಗೆ ನೆನಪಿಲ್ಲ. ಪ್ರಶ್ನೆ ಕೇಳುವುದು, ಬೈಯುವುದು, ನಮಸ್ಕಾರ ಹೇಳುವುದು ಎಲ್ಲ ಆ ಪರದೆಗೇ. ಗಿರಾಕಿಗಳು ತಮ್ಮ ಹಳೇ ಕಂಪ್ಯೂಟರಿನಲ್ಲಿ ಸೈಟು ಹೀಗೆ ಕಾಣುತ್ತಿದೆ, ಹಾಗೆ ಕಾಣುತ್ತಿದೆ ಎಂದು ದೂರು ತಂದರೆ ಅವನದು ಒಂದೇ ಉತ್ತರ: "ನನ್ನ ಸ್ಕ್ರೀನಲ್ಲಿ ಸರಿಯಾಗಿದೆ." ಇನ್ನೂ ಒತ್ತಾಯಿಸಿದರೆ, "ನೋಡೋಕೂ ಒಂದು ಯೋಗ್ಯತೆ ಬೇಕು ಸಾರ್" ಎನ್ನುತ್ತಿದ್ದ.

ಅವನ ಸ್ಕ್ರೀನಲ್ಲಿ ಸರಿಯಾಗಿರುತ್ತಿತ್ತು, ಅದು ನಿಜ. ಒಂದು ಕೂದಲೆಳೆಯಷ್ಟು ಗೆರೆ ಆಚೀಚೆಯಾದರೂ ಅವನಿಗೆ ಕಾಣುತ್ತಿತ್ತು, ಸರಿಪಡಿಸುವ ತನಕ ಊಟಕ್ಕೆ ಏಳುತ್ತಿರಲಿಲ್ಲ. ಅಷ್ಟು ಚೆಂದದ ಪುಟಗಳನ್ನು ನಾನು ಬೇರೆಲ್ಲೂ ನೋಡಿಲ್ಲ. ಅಕ್ಷರದ ಸುತ್ತ ಎಷ್ಟು ಖಾಲಿ ಜಾಗ ಬಿಟ್ಟರೆ ಕಣ್ಣಿಗೆ ಹಿತ ಎಂಬುದನ್ನು ನನಗೆ ಕಲಿಸಿದವನು ಅವನೇ. ಆ ಕಣ್ಣನ್ನು ದೇವರು ಇನ್ಯಾರಿಗಾದರೂ ಕೊಡಬಾರದಿತ್ತೇ ಎಂದು ಹೊಟ್ಟೆ ಉರಿಯುತ್ತದೆ.

ನನಗೂ ಅವನಿಗೂ ನಿತ್ಯದ ಜಗಳ ಒತ್ತಕ್ಷರದ್ದು. ಪ್ರತಿ ಸಾಲಿಗೂ ಅವನು ಅಳತೆಗೆ ತಕ್ಕಂತೆ ಒಂದು ಪೆಟ್ಟಿಗೆ ಮಾಡುತ್ತಿದ್ದ. ಇಂಗ್ಲಿಷ್ ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತಿತ್ತು. ಕನ್ನಡಕ್ಕೆ ಕೆಳಗೆ ಒತ್ತು ಇಳಿಬಿಡಲು ಜಾಗ ಬೇಕಲ್ಲ. ನೋಡುವವರು ಅಕ್ಷರ ದೊಡ್ಡದು ಮಾಡಿಕೊಂಡರೆ ಅಕ್ಷರ ಬೆಳೆಯುತ್ತಿತ್ತು, ಅವನ ಪೆಟ್ಟಿಗೆ ಬೆಳೆಯುತ್ತಿರಲಿಲ್ಲ. ಒತ್ತು ಕೆಳಗಿನ ಅಂಚಿನಲ್ಲಿ ಕತ್ತರಿಸಿ ಹೋಗುತ್ತಿತ್ತು.

"ಕೆಳಗೆ ಸ್ವಲ್ಪ ಜಾಗ ಬಿಡಿ ಪ್ರಸನ್ನ" ಎಂದೆ.

"ಈ ಕನ್ನಡ ಅಕ್ಷರ ಕೆಳಗ್ಯಾಕೆ ಇಳೀಬೇಕು ಮೇಡಂ? ಒಂದೇ ಲೈನಲ್ಲಿ ಇರೋಕೆ ಏನ್ ಕಷ್ಟ ಇವಕ್ಕೆ?"

"ನಿಮ್ಮ ಹೆಸರಲ್ಲೇ ಎರಡು ಒತ್ತು ಇದೆಯಲ್ರೀ."

"ನಾನು ಇಂಗ್ಲಿಷಲ್ಲಿ ಬರ್ಕೊಳ್ತೀನಿ" ಎಂದ. ಮಾಲೀಕರಿಗೆ ಹೇಳಿದೆ. "ಅವನಿಗೆ ಗೊತ್ತಿರತ್ತೆ ಬಿಡಮ್ಮ" ಎಂದು ಅವರು ಕೈ ತೊಳೆದುಕೊಂಡರು.

ಆ ಹೊತ್ತಿಗೆ ಬಂದವರು ಶಾಂತಕ್ಕ. ಗದಗಿನ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಜೋಳದ ರೊಟ್ಟಿ ಖಾನಾವಳಿ ನಡೆಸುತ್ತಿದ್ದರು. ಆ ಕಡೆಯಿಂದ ಬಂದು ಬಾಡಿಗೆ ರೂಮುಗಳಲ್ಲಿದ್ದ ಹುಡುಗರೇ ಅವರ ಗಿರಾಕಿಗಳು. ಮನೆಯಿಂದಲೇ ಕೆಲಸ ಮಾಡಿ ಎಂದು ಆಫೀಸುಗಳು ಹೇಳಿದ ಮೇಲೆ ಹುಡುಗರು ಊರು ಸೇರಿದ್ದರು. ಖಾನಾವಳಿ ಉಳಿಯಬೇಕಾದರೆ ಅವರಿಗಿದ್ದ ದಾರಿ ಒಂದೇ. ಬನಶಂಕರಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲು ಮಧ್ಯಾಹ್ನದ ಊಟ ಹೊರಗಿನಿಂದ ತರಿಸಲು ಅಡುಗೆಯವರನ್ನು ಹುಡುಕುತ್ತಿತ್ತು. ಅಲ್ಲಿನ ವಾರ್ಡನ್ ಮೇಡಂ ರುಚಿ ನೋಡಿ ಒಪ್ಪಿದ್ದರು. ಮಕ್ಕಳ ತಂದೆತಾಯಿಗಳಿಗೆ ತೋರಿಸಲು ಒಂದು ವೆಬ್‌ಸೈಟ್ ಇದ್ದರೆ ಒಳ್ಳೆಯದು ಎಂದಿದ್ದರಂತೆ. "ಈ ಊಟ ಸಿಕ್ಕರ ನನ್ನ ಖಾನಾವಳಿ ಉಳೀತದರಿ ಅಕ್ಕಾರ, ಇಲ್ಲಂದ್ರ ಬಾಗಲಾ ಹಾಕೋದ" ಎಂದು ನನಗೆ ಹೇಳಿದರು. ಪ್ರಸನ್ನನ ಮುಂದೆ ಮೂರು ಸಲ ಬಂದು ಕೂತರು. ಮೂರು ಸಲವೂ ಅವನು ಪರದೆಯ ಜೊತೆಗೇ ಮಾತಾಡಿದ.

ಸೈಟು ಸಿದ್ಧವಾಯಿತು. ಶಾಂತಕ್ಕನ ಫೋನಿನಲ್ಲಿ ಚೆನ್ನಾಗಿಯೇ ಕಂಡಿತು. ಮುಖಪುಟದಲ್ಲಿ ದೊಡ್ಡದಾಗಿ ನಾನೇ ಬರೆದ ಸಾಲು: ಇಲ್ಲಿ ಊಟ ಸಿಗುತ್ತದೆ. ಖಾನಾವಳಿಗೆ ಅದಕ್ಕಿಂತ ಹೆಚ್ಚಿನ ಮಾತು ಬೇಡ ಎನಿಸಿತ್ತು. ಕನ್ನಡದ ಪುಟವಾದ್ದರಿಂದ ಕಟ್ಟಕಡೆಗೆ "ವಿನ್ಯಾಸ: ಪ್ರಸನ್ನ" ಎಂದು ನಾನೇ ಸೇರಿಸಿದ್ದೆ.

ವಾರ ಕಳೆಯುವುದರೊಳಗೆ ಶಾಂತಕ್ಕ ಮೆಟ್ಟಿಲು ಹತ್ತಿ ಬಂದರು. ಏದುಸಿರು ಬಿಡುತ್ತಿದ್ದರು. ಹಾಸ್ಟೆಲ್ಲಿನ ಕಂಪ್ಯೂಟರಿನಲ್ಲಿ ಕಂಡದ್ದನ್ನು ಫೋನಿನಲ್ಲಿ ಫೋಟೊ ಹಿಡಿದು ತಂದಿದ್ದರು. ಅದನ್ನು ಪ್ರಸನ್ನನ ಮೇಜಿನ ಮೇಲಿಟ್ಟು ಓದಿದರು.

"ಇಲಿ ಊಟ ಸಿಗುತದೆ. ನಾ ಇಲಿ ಊಟಾ ಹಾಕ್ತೀನೇನ್ರೀ ಸರ?"

ಫೋಟೊದಲ್ಲಿ ಸಾಲಿನ ಒತ್ತುಗಳೆಲ್ಲ ನೀಟಾಗಿ ಕತ್ತರಿಸಿ ಹೋಗಿದ್ದವು. ಹಾಸ್ಟೆಲ್ಲಿನ ಹುಡುಗಿಯರೂ ಆ ಪರದೆಯ ಫೋಟೊ ಹಿಡಿದು ಆಗಲೇ ಒಬ್ಬರಿಗೊಬ್ಬರು ಕಳಿಸಿ, ಶಾಂತಕ್ಕನಿಗೆ ಇಲಿ ಆಂಟಿ ಎಂದು ಹೆಸರಿಟ್ಟೂ ಆಗಿತ್ತು.

"ಕೆಳಗ ನೋಡ್ರಿ, ಮತ್ತೇನೋ ಬರದೀರಿ" ಎಂದು ಶಾಂತಕ್ಕ ಮುಂದುವರಿಸಿದರು. "ವಿನಾಸ, ಪಸನ ಅಂತ. ಯಾರ್ರೀ ಈ ಪಸನ? ನನ್ನ ಖಾನಾವಳಿ ವಿನಾಸ ಮಾಡಾಕ ಬಂದಾಂವ?"

ಯ ಒತ್ತಿನ ಒಂದು ಚೂರು ಪಕ್ಕದಲ್ಲಿ ಕಡ್ಡಿಯ ಹಾಗೆ ಉಳಿದಿತ್ತು, ಆದರೆ ಓದುವವರಿಗೆ ಅದು ವಿನಾಸವೇ. ನಗು ಬಂತು, ನಗುವ ಹೊತ್ತಾಗಿರಲಿಲ್ಲ. ಪ್ರಸನ್ನ ಫೋಟೊವನ್ನು ಒಂದು ಕ್ಷಣ ನೋಡಿದ. ನಾಚಿಕೆಯಾಗಬಹುದು, ಪೆಟ್ಟಿಗೆ ದೊಡ್ಡದು ಮಾಡಬಹುದು ಎಂದುಕೊಂಡೆ. ಅವನು ಹೇಳಿದ್ದು ಇಷ್ಟು: "ಅವ್ರ ರೆಸಲ್ಯೂಷನ್ ನೋಡಿ ಮೇಡಂ, ಯಾವ ಕಾಲದ್ದು. ಬ್ರೌಸರ್‌ನೂ ಜೂಮ್ ಮಾಡಿ ಇಟ್ಕೊಂಡಿದಾರೆ. ಇಂಥೋರಿಗೆಲ್ಲ ನಾನು ಸೈಟ್ ಬದಲಾಯ್ಸಕ್ಕಾಗಲ್ಲ. ಅವ್ರ ಸ್ಕ್ರೀನೇ ಸರಿ ಮಾಡಿ ಬರ್ತೀನಿ."

ಮಾಡಿಯೂ ಮಾಡಿದ. ನನ್ನನ್ನೂ ಶಾಂತಕ್ಕನನ್ನೂ ಕರೆದುಕೊಂಡು ಹಾಸ್ಟೆಲ್ಲಿಗೆ ಹೊರಟ. ವಾರ್ಡನ್ ಮೇಡಂಗೆ ವಯಸ್ಸಾಗಿತ್ತು, ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಕಾಣಲಿ ಎಂದೇ ಅವರು ಅಕ್ಷರಗಳನ್ನು ದಪ್ಪ ಮಾಡಿಸಿಟ್ಟುಕೊಂಡಿದ್ದರು. ಸಮಾಧಾನದ ಹೆಂಗಸು. "ಏನೋ ತಪ್ಪಾಗಿದೆ ಅಂತ ನಂಗೂ ಗೊತ್ತಮ್ಮ. ಅದೊಂದು ಸರಿ ಮಾಡಿಕೊಟ್ರೆ ಪೇರೆಂಟ್ಸ್‌ಗೆ ನಾನು ಹೇಳ್ಕೊತೀನಿ" ಎಂದು ಶಾಂತಕ್ಕನಿಗೆ ಕುರ್ಚಿ ಎಳೆದು ಕೊಟ್ಟರು. ಅಷ್ಟು ಹೇಳಿದ ಮೇಲೆ ಇನ್ನೇನು ಬೇಕಿತ್ತು? ಪ್ರಸನ್ನ ಅವರನ್ನು ಎಬ್ಬಿಸಿ ಅವರ ಜಾಗದಲ್ಲಿ ಕೂತು, ಟಕಟಕನೆ ಒತ್ತಿ, ಪರದೆಯನ್ನು ತನ್ನ ಮನಸ್ಸಿಗೆ ಬೇಕಾದ ಹಾಗೆ ಮಾಡಿದ.

"ಈಗ ನೋಡಿ ಮೇಡಂ. ಒತ್ತು ಬಂತಲ್ಲ."

ವಾರ್ಡನ್ ಮೇಡಂ ಬಗ್ಗಿದರು. ಕನ್ನಡಕ ತೆಗೆದರು, ಹಾಕಿದರು. "ನಂಗೇನೂ ಕಾಣ್ತಿಲ್ವಲ್ಲಪ್ಪ."

"ಕಾಣದೆ ಇರಬಹುದು ಮೇಡಂ. ಆದ್ರೆ ಸರಿಯಾಗಿದೆ."

ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ಮನುಷ್ಯನಿಗೆ ಸಮಾಧಿ ಕಟ್ಟುವ ಕಾಲ ಬಂದರೆ ಮೇಲೆ ಇದನ್ನೇ ಕೆತ್ತಿಸಬೇಕು, ಅವನಿಗೆ ಇಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಿ. ವಾರ್ಡನ್ ಮೇಡಂ ಮೊದಲಿನ ಹಾಗೇ ಮಾಡಿಕೊಡಿ ಎಂದರು. ಇವನು ಆಗುವುದಿಲ್ಲ ಎಂದ. ಮೊದಲಿನದು ತಪ್ಪು, ನಿಮ್ಮ ಬ್ರೌಸರೂ ತಪ್ಪು, ಅಭ್ಯಾಸ ಮಾಡಿಕೊಳ್ಳಿ ಎಂದು ಒಂದು ಪಾಠವನ್ನೇ ಒಪ್ಪಿಸಿದ. ಆ ತಾಯಿಯ ಮುಖ ಗಂಟಾಯಿತು. ಶಾಂತಕ್ಕ ಏನೋ ಹೇಳಲು ಹೋದರು. "ನೀವು ಇವರ ಕಡೆಯವರು ತಾನೆ" ಎಂದುಬಿಟ್ಟರು ಮೇಡಂ. ಆ ಊಟ ಬೇರೆ ಯಾರಿಗೋ ಹೋಯಿತು.

ಹೊರಗೆ ಬಂದು ಗೇಟಿನ ಹತ್ತಿರ ಶಾಂತಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಅವರ ಕಡೆ ನೋಡುವ ಮುಖವಿರಲಿಲ್ಲ. ಪ್ರಸನ್ನ ಬೈಕ್ ಹತ್ತುತ್ತಾ, "ಜನಕ್ಕೆ ಒಳ್ಳೇದು ಮಾಡೋಕೆ ಹೋಗ್ಬಾರ್ದು ಮೇಡಂ" ಎಂದ. ಜೀವಮಾನದಲ್ಲಿ ಒಬ್ಬರ ಕೆನ್ನೆಗೆ ಬಾರಿಸಬೇಕು ಎಂದು ನನ್ನ ಕೈ ತುರಿಸಿದ್ದು ಅವತ್ತೇ.

ಮುಂದೆ ಅವನಿಗೆ ಇನ್ನೂ ದೊಡ್ಡ ಪರದೆ ಕೊಡುವ ಕಂಪನಿ ಸಿಕ್ಕಿ ನಮ್ಮನ್ನು ಬಿಟ್ಟು ಹೋದ. ಅವನ ಜಾಗಕ್ಕೆ ಬಂದ ಹುಡುಗಿ ನನ್ನ ಕಾಫಿ ಆರುವುದರೊಳಗೆ ಆ ಪೆಟ್ಟಿಗೆಗಳನ್ನೆಲ್ಲ ಸರಿ ಮಾಡಿದಳು. ಕೆಳಗೆ ಒಂದಿಷ್ಟು ಜಾಗ, ಅಷ್ಟೇ ಕೆಲಸ. ಖುಷಿಯಿಂದ ಶಾಂತಕ್ಕನಿಗೆ ಫೋನ್ ಮಾಡಿದೆ. ಬಿಟಿಎಂ ಖಾನಾವಳಿಯ ಬಾಗಿಲು ಹಾಕಿ ಆಗಲೇ ತಿಂಗಳಾಗಿತ್ತು. ಸೈಟು ಬೇಡ ಎಂದರು. ಹುಳಿಮಾವು ಕೆರೆಯ ಕಡೆ ತಗಡಿನ ಶೀಟು ಹಾಕಿಕೊಂಡು ಸಣ್ಣದಾಗಿ ಶುರು ಮಾಡಿದ್ದರು. ಅಡುಗೆಗಿದ್ದ ಇಬ್ಬರು ಹೆಂಗಸರನ್ನು ಬಿಡಬೇಕಾಗಿ ಬಂದು, ತಾವೇ ರೊಟ್ಟಿ ಬಡಿಯುತ್ತಿದ್ದರು.

ಅಲ್ಲಿಗೆ ನಾನು ಆಗಾಗ ಹೋಗುತ್ತೇನೆ. ಬಾಗಿಲ ಮೇಲೆ ಪೇಂಟರ್ ಕೈಯಲ್ಲಿ ಬರೆಸಿದ ಬೋರ್ಡು ಇದೆ. ಇಲ್ಲಿ ಊಟ ಸಿಗುತ್ತದೆ. ಒತ್ತುಗಳು ಅಕ್ಷರಕ್ಕಿಂತ ದಪ್ಪ. ಹಾಗೇ ಬರಿ ಎಂದು ಶಾಂತಕ್ಕ ಎದುರಿಗೆ ನಿಂತು ಬರೆಸಿದ್ದಂತೆ.

ಪ್ರಸನ್ನನನ್ನು ನಾನು ಕೊನೆಯ ಸಲ ನೋಡಿದ್ದೂ ಅಲ್ಲಿಯೇ. ಒಂದು ಮಧ್ಯಾಹ್ನ ಅವನು ಬನ್ನೇರುಘಟ್ಟ ರಸ್ತೆಯ ಹೊಸ ಆಫೀಸಿನಿಂದ ಒಬ್ಬನೇ ಬಂದ. "ಓ, ಕನ್ನಡ ಮೇಡಂ" ಎಂದು ನನ್ನ ಎದುರಿಗೇ ಕೂತ. ಬೋರ್ಡು ತೋರಿಸಿ, "ಅಲೈನ್‌ಮೆಂಟ್ ನೋಡಿ, ಥೂ" ಎಂದ. ಶಾಂತಕ್ಕ ಬಂದು ತಟ್ಟೆ ಇಟ್ಟರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವನು ಫೋನ್ ನೋಡುತ್ತಲೇ ತಿಂದ. ಅವರನ್ನು ತಲೆ ಎತ್ತಿ ನೋಡಲಿಲ್ಲ. ಅವರು ಮಾತ್ರ ಅವನನ್ನು ಚೆನ್ನಾಗಿ ನೋಡಿದರು. ನನ್ನ ಕಡೆ ತಿರುಗಿ, ಸುಮ್ಮನಿರಿ ಎನ್ನುವಂತೆ ತಲೆ ಅಲ್ಲಾಡಿಸಿದರು.

ತಟ್ಟೆ ಅರ್ಧ ಖಾಲಿಯಾದ ಮೇಲೆ ಫೋನಿಗೇ ಎಂಬಂತೆ ಕೇಳಿದ: "ಊಟ ಸಖತ್ತಾಗಿದೆ. ಇವ್ರದ್ದೊಂದು ವೆಬ್‌ಸೈಟ್ ಇಲ್ವಾ?"

"ಇತ್ರೀ ಸರ" ಎಂದರು ಶಾಂತಕ್ಕ. "ವಿನಾಸ ಆತು."

ಪ್ರಸನ್ನ ನನ್ನ ಕಡೆ ಬಾಗಿ ದನಿ ತಗ್ಗಿಸಿದ. "ಯಾರೋ ಕೆಲ್ಸ ಗೊತ್ತಿಲ್ದೋರ ಕೈಗೆ ಕೊಟ್ಟಿರ್ತಾರೆ. ಪಾಪ."

"ಹೌದ್ರಿ" ಎಂದು ಶಾಂತಕ್ಕ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.