ಎಲ್ಲದಕ್ಕೂ ‘ಗುಡ್’ ಅಂದ ಮಾಮಾ

ಮೊನ್ನೆ ಸೇಡಮಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಪುಂಡಿಪಲ್ಯಕ್ಕೆ ಬಿದ್ದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಪಡಸಾಲೆ ಮುಟ್ಟುವಷ್ಟರಲ್ಲಿ ಅವಳ ಮಗ ತಾಟಿನ ಮುಂದೆ ಕೂತು ‘ಗುಡ್’ ಅಂದ. ಇನ್ನೂ ತುತ್ತು ಎತ್ತಿರಲಿಲ್ಲ. ನನಗೆ ವಾಡಿಯ ಮಾಮಾ ನೆನಪಾದ.

ಮಾಮಾ, ಅಂದರೆ ನಮ್ಮವ್ವನ ತಮ್ಮ, ವಾಡಿ ಸ್ಟೇಷನ್ನಿನ ಮಾಲುಗೋದಾಮಿನಲ್ಲಿ ಕಾರಕೂನ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಇಂಗ್ಲಿಷು ಮಾತ್ರ ಮೇಲಿನ ಸಾಹೇಬನ ಬಾಯಿಂದ ಉದುರಿದ್ದು. ಉದುರಿದ್ದರಲ್ಲಿ ಮಾಮಾನ ಕೈಗೆ ಸಿಕ್ಕದ್ದು ಈ ‘ಗುಡ್’ ಒಂದೇ. ನೋಡಿ, ನಾವು ರೊಟ್ಟಿಗೆ ಹದ ಅನ್ನುತ್ತೇವೆ, ಭೂಮಿಗೆ ಕಸುವು, ಮನುಷ್ಯನಿಗೆ ಗುಣ, ಹಾಡಿದವನಿಗೆ ಭೇಷ್. ಮಾಮಾ ಇವನ್ನೆಲ್ಲ ಒಂದೇ ಮೂಟೆ ಕಟ್ಟಿ ಒಂದೇ ಚೀಟಿ ಅಂಟಿಸಿಬಿಟ್ಟ. ಶಹಾಬಾದದ ಹಾಸುಗಲ್ಲೂ ಗುಡ್, ಚಿತ್ತಾಪುರದ ತೊಗರಿಬೇಳೆಯೂ ಗುಡ್. ಪಕ್ಕದ ಮನೆಯ ಮುದುಕ ನಿದ್ದೆಯಲ್ಲೇ ಸತ್ತದ್ದು ವೆರಿ ಗುಡ್.

ಅಕ್ಕನಿಗೆ ಇನ್ನೂ ಮದುವೆಯಾಗದಿದ್ದಾಗ ಚಿಂಚೋಳಿಯ ಒಬ್ಬ ವರ ಗೊತ್ತಾಗುವುದರಲ್ಲಿದ್ದ. ಮನೆತನ ನೋಡಿಕೊಂಡು ಬರಲು, ಇಂಗ್ಲಿಷ್ ಬಲ್ಲವನೆಂದು, ಮಾಮಾನನ್ನೇ ಕಳಿಸಿದರು. ತಿರುಗಿ ಬಂದವನನ್ನು ಅಜ್ಜಿ ಕಟ್ಟೆಯ ಮೇಲೆ ಕೂರಿಸಿಕೊಂಡಳು.

“ಹುಡುಗ ಹ್ಯಾಂಗಿದ್ದಾನಪಾ?”

“ಗುಡ್.”

“ಅತ್ತಿ?”

“ವೆರಿ ಗುಡ್.”

“ನೀರಿನ ಬಾವಿ ಎಷ್ಟು ದೂರ ಅದ?”

“ಗುಡ್ ಅದ.”

ಅಪ್ಪ ತಲೆದೂಗಿ, ಇನ್ನು ಒಪ್ಪಿಗೆಯ ಎಲೆ-ಅಡಿಕೆ ಕಳಿಸೋಣ ಅಂದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ಮಾಮಾ, ಅಲ್ಲಿ ನಿಮಗ ಊಟಕ್ಕ ಯಾರು ಬಡಿಸಿದ್ರು?”

“ಅವರ ದೊಡ್ಡ ಸೊಸಿ.”

“ಆಕಿ ಯಾವಾಗ ಉಂಡ್ಳು?”

ಮಾಮಾನ ಇಂಗ್ಲಿಷು ಅಲ್ಲಿಗೆ ತೀರಿತು. “ಆಕಿ ಉಂಡಿದ್ದು ನಾ ನೋಡಲಿಲ್ಲವ್ವಾ. ನಾವೆಲ್ಲಾ ಉಂಡ ಮ್ಯಾಲೆ ಅತ್ತಿ ಉಳಿದಿದ್ದು ಒಳಗಿಟ್ಟು ಕೀಲಿ ಹಾಕಿದ್ಳು.”

“ಇದಕ್ಕೇನಂತಾರಪಾ ನಿಮ್ಮ ಸಾಹೇಬ್ರು?” ಅಂದಳು ಅಜ್ಜಿ. ಎಲೆ-ಅಡಿಕೆ ಹೋಗಲಿಲ್ಲ. ಮುಂದೆ ಅಕ್ಕನನ್ನು ಸೇಡಮಿನ ಈ ಮನೆಗೆ ಕೊಟ್ಟರು.

ಅಂದಿನಿಂದ ನಾನು ಬೈಯುತ್ತ ಬಂದದ್ದು ಆ ಇಂಗ್ಲಿಷ್ ಪದವನ್ನೇ. ನಮ್ಮ ಭಾಷೆಯಲ್ಲಾದರೆ ಇಂಥದ್ದನ್ನು ಮುಚ್ಚಲು ಬರುವುದಿಲ್ಲ ಅಂತ ಎಷ್ಟು ಕಟ್ಟೆಗಳ ಮೇಲೆ ಕೂತು ಭಾಷಣ ಮಾಡಿದ್ದೇನೋ.

ಮೊನ್ನೆ ಸೇಡಮಿನಲ್ಲಿ ಅಕ್ಕನ ಮಗ ಉಂಡು ಎದ್ದ. ಅಕ್ಕ, ನಾನು ಕೂತೆವು. ಅವಳ ಸೊಸೆ ಬಡಿಸಿ, ಗೋಡೆಗೆ ಆನಿಕೊಂಡು ನಿಂತೇ ಇದ್ದಳು.

“ಈಕಿನೂ ನಮ್ಮ ಕೂಡ ಕುಂದರಲಿ,” ಅಂದೆ.

“ಬ್ಯಾಡ ಅಂದವರ್ಯಾರು? ಆಕಿ ನಮ್ಮನ್ಯಾಗ ಭಾಳ ಛಲೋ ಇದ್ದಾಳ.”

ಅಚ್ಚ ಕನ್ನಡದಲ್ಲೇ ಅಂದು, ಅಕ್ಕ ಪಲ್ಯದ ಬೋಗುಣಿಯ ಮೇಲೆ ತಾಟು ಮುಚ್ಚಿದಳು.