ಮೆಟ್ಟಿಲಿಳಿದ ಕೆಂಪು ಗೆರೆ

ಕುಕ್ಕರ್ ಕೂಗುವುದಕ್ಕೆ ಮೊದಲು ಒಮ್ಮೆ ಫುಸ್ಸೆಂದು ಉಸಿರು ಬಿಡುತ್ತದಲ್ಲ, ಆ ಸದ್ದಿಗೆ ಇವತ್ತಿಗೂ ನನ್ನ ಕೈಕೆಲಸ ನಿಂತುಬಿಡುತ್ತದೆ. ಕೇಳಿದೊಡನೆ ಯಾವುದೋ ಮನೆಯ ಬಾಗಿಲು ತೆರೆಯುವಂಥ ಸದ್ದು ನಿಮಗೂ ಒಂದಿದ್ದೀತು. ನನ್ನದು ತೆರೆಯುವುದು ಕೋಲ್ಕತ್ತದ ಬಾಲಿಗಂಜ್‌ನ ಎರಡು ಕೋಣೆಯ ಫ್ಲ್ಯಾಟಿಗೆ. ಪಕ್ಕದ ಮನೆಯ ಸಾಸಿವೆ ಎಣ್ಣೆಯ ಘಾಟೂ ನಮ್ಮ ಮನೆಯ ಹುಳಿಪುಡಿಯ ಘಮವೂ ಮೆಟ್ಟಿಲ ಬಳಿ ದಿನವೂ ಜಗಳವಾಡುತ್ತಿದ್ದವು. ಅಪ್ಪ ರೈಲ್ವೆಯವರು, ಮನೆಗಿಂತ ಬೋಗಿಯಲ್ಲೇ ಹೆಚ್ಚು ಮಲಗಿದವರು. ಅಮ್ಮ ಸರ್ಕಾರದ ನೀರಿನ ಕಚೇರಿಯಲ್ಲಿ ಎಂಜಿನಿಯರ್. ಬೆಳಿಗ್ಗೆ ಕಚೇರಿಗೆಂದು ಬಿಬಿಡಿ ಬಾಗ್ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೇ ವಾಪಸು. ಹೀಗಾಗಿ ನನ್ನನ್ನು ಸಾಕಿದ್ದು ಅಮ್ಮನ ತಾಯಿ, ನನ್ನ ಅಜ್ಜಿ. ಆಕೆ ಕಾವೇರಿ ದಡದ ರಾಮನಾಥಪುರದವಳು. ಅಲ್ಲಿ ದೇವಸ್ಥಾನದ ಎದುರಿನ ಮಡುವಿನ ಮೀನೆಲ್ಲ ದೇವರ ಮೀನು. ಯಾರೂ ಹಿಡಿಯುವಂತಿಲ್ಲ, ಹೋದವರೆಲ್ಲ ಪುರಿ ಹಾಕಬೇಕು.

ಅಮ್ಮ ಕೆಲವು ಭಾನುವಾರ ನಗರದಾಚೆಯ ಒಂದು ಚಿಕ್ಕ ನದಿಯ ನೀರು ಅಳೆಯಲು ಹೋಗುತ್ತಿದ್ದಳು. ಲೋಕಲ್ ರೈಲಿನಲ್ಲಿ ನಾನೂ ಅಜ್ಜಿಯೂ ಬಾಲದಂತೆ ಹಿಂದೆ. ನದಿ ತಿರುಗುವಲ್ಲಿ ಕಲ್ಲಿನ ಸೋಪಾನ, ಅದರ ಕೆಳಗೆ ಕಪ್ಪಗಿನ ಮಡು. ಮೊದಲ ಸಲ ಹೋದಾಗ ನೀರು ಸೀಳಿಕೊಂಡು ಬೂದುಬಣ್ಣದ ಬೆನ್ನೊಂದು ಎದ್ದು, ಫುಸ್ಸೆಂದು ಉಸಿರು ಬಿಟ್ಟು ಮುಳುಗಿತು. ಬಂಗಾಳಿಗಳು ಶುಶುಕ್ ಎನ್ನುವ ನದಿಯ ಡಾಲ್ಫಿನ್ ಅದು. ಅಜ್ಜಿ ಕೈ ಮುಗಿದಳು.

"ನೋಡೇ, ದೇವರ ಮೀನು!"

"ಅದು ಮೀನೇ ಅಲ್ಲಮ್ಮ," ಅಮ್ಮ ನಕ್ಕಳು. "ಕಣ್ಣೂ ಕಾಣಲ್ಲ ಅದಕ್ಕೆ. ನಿನ್ನ ಪುರಿ ತಿನ್ನಲ್ಲ."

"ಕಣ್ಣು ಕಾಣ್ದಿದ್ರೆ ಹೊಟ್ಟೆ ಹಸಿಯಲ್ವೇನೇ?"

ಅಜ್ಜಿ ಪುರಿ ಎರಚಿದಳು. ಪುರಿಗೆ ಸಣ್ಣ ಮೀನು ಮುತ್ತಿಕೊಂಡವು, ಸಣ್ಣ ಮೀನಿಗೆ ಶುಶುಕ್ ಬಂತು. ಅಲ್ಲಿಗೆ ಅಮ್ಮನ ವಿಜ್ಞಾನ ತಲೆಕೆಳಗಾಯಿತೆಂದು ಅಜ್ಜಿ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು. ಅಲ್ಲಿನ ಬೆಸ್ತ ನಿತಾಯಿ ಕಾಕು ಕೂಡ ಇದನ್ನು ನೋಡಿ, "ಠಾಕುರೇರ್ ಮಾಛ್," ದೇವರ ಮೀನು, ಎಂದು ಮಡುವಿಗೆ ಬಲೆ ಹಾಕುವುದನ್ನೇ ಬಿಟ್ಟ. ಅವನನ್ನು ನೋಡಿ ಉಳಿದವರೂ ಬಿಟ್ಟರು. ಇನ್ನು ಅದಕ್ಕೆ ಭಯವಿಲ್ಲ ಎಂದುಕೊಂಡೆವು. ಬಲೆಗೆ ಕಟ್ಟುಪಾಡು ಹಾಕಿದ ನಮಗೆ ನೀರಿನ ಯೋಚನೆಯೇ ಬರಲಿಲ್ಲ.

ಆ ವರ್ಷಗಳಲ್ಲೇ ನಗರದ ಪೂರ್ವಕ್ಕೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳತೊಡಗಿದವು. ನಾವೂ ಒಂದು ಸಂಜೆ ಹೋಗಿ, ಬಾಯಿ ಬಿಟ್ಟುಕೊಂಡು ಅವುಗಳ ಕಾರಂಜಿ ನೋಡಿ ಬಂದೆವು. ಆ ಹೊಸ ಬಡಾವಣೆಗೆ ನೀರೆತ್ತಲೆಂದು ಮಡುವಿನ ಮೇಲ್ಗಡೆ ಪಂಪ್‌ಹೌಸ್ ಬಂತು. ಬೇಸಿಗೆಯಲ್ಲೂ ಅದು ನಿಲ್ಲುವುದಿಲ್ಲವೆಂದು ತಿಳಿದಾಗ ಅಮ್ಮ ಕಚೇರಿಯಲ್ಲಿ ಜಗಳಕ್ಕೆ ನಿಂತಳು. "ನದಿಗೂ ಒಂದು ಪಾಲು ಬಿಡ್ಬೇಕಲ್ವಾ?" ಎಂದು ಊಟಕ್ಕೆ ಕೂತಾಗ ನಮ್ಮನ್ನೇ ಕೇಳುತ್ತಿದ್ದಳು. ಕೊನೆಗೆ ಗೆದ್ದಳು. ಸೋಪಾನದ ಒಂದು ಮೆಟ್ಟಿಲಿಗೆ ಕೆಂಪು ಗೆರೆ ಎಳೆಸಿದರು. ನೀರು ಅದಕ್ಕಿಂತ ಕೆಳಗಿಳಿದರೆ ಪಂಪ್ ನಿಲ್ಲಿಸಬೇಕು. ಅಜ್ಜಿ ಆ ಗೆರೆಗೆ ಕುಂಕುಮ ಇಟ್ಟಳು. ಆ ಬೇಸಿಗೆ ನೀರು ಗೆರೆ ಮುಟ್ಟಿದಾಗ ಪಂಪ್ ನಿಜವಾಗಿಯೂ ನಿಂತಿತು. ಆ ನಿಶ್ಶಬ್ದದಲ್ಲಿ ಮಡು ಉಸಿರಾಡಿತು. ಅಮ್ಮ ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಮರುವರ್ಷ ಹೋದಾಗ ಗೆರೆ ಒಂದು ಮೆಟ್ಟಿಲು ಕೆಳಗಿತ್ತು. ಹಳೆಯದನ್ನು ಉಜ್ಜಿ ತೆಗೆದಿದ್ದರು. "ಲೈನ್ ತೋ ಹೈ ನಾ, ದೀದಿ," ಎಂದ ಪಂಪಿನ ಮೇಲ್ವಿಚಾರಕ. ಗೆರೆ ಇತ್ತು, ನಿಜ. ಪಂಪ್ ಪ್ರತಿ ವರ್ಷವೂ ಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು. ಗೆರೆ ಮಾತ್ರ ಪ್ರತಿ ವರ್ಷವೂ ಇಳಿಯುತ್ತಿತ್ತು. ಒಂದು ಕುರುಡು ಪ್ರಾಣಿಗಾಗಿ ಇಡೀ ನಗರ ಬಾಯಾರಬೇಕೇ ಎಂದು ಕಚೇರಿಯಲ್ಲಿ ನಕ್ಕರಂತೆ. ಅಮ್ಮ ಊಟದ ಹೊತ್ತಿನಲ್ಲಿ ಮಾತು ನಿಲ್ಲಿಸಿದಳು.

ಕೊನೆಯ ಸಲ ಹೋದಾಗ ಮೆಟ್ಟಿಲುಗಳು ಮುಗಿದಿದ್ದವು. ಗೆರೆ ಕೆಸರಿನಲ್ಲಿ ನೆಟ್ಟ ಗೂಟದ ಮೇಲಿತ್ತು. ಮಂಡಿಯುದ್ದದ ನೀರಿನಲ್ಲಿ ಸಿಕ್ಕಿಬಿದ್ದು ಸತ್ತಿದ್ದ ಶುಶುಕ್ ಅನ್ನು ಹಿಂದಿನ ದಿನ ನಿತಾಯಿ ಕಾಕು ಹೂತಿದ್ದ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಡು ಇದ್ದ ಕಡೆಗೆ ಇಳಿದು, ಬಾಳೆಲೆಯ ಮೇಲೆ ಪುರಿ ಸುರಿದಳು. ತಿಥಿಯ ಎಡೆಯನ್ನು ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಮನೆಯವರಲ್ಲಿ ಒಬ್ಬರು ಅದನ್ನು ನಡೆಸಿಕೊಡುತ್ತೇನೆಂದು ಮಾತು ಕೊಟ್ಟರೆ ಕಾಗೆ ಬರುತ್ತದೆ. ಪಂಪ್‌ಹೌಸಿನ ಮಾಡಿನ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ.

"ನೀರು ಬಿಡಿಸ್ತೀನಿ ಅಂತ ಒಂದು ಮಾತು ಹೇಳೇ," ಎಂದಳು ಅಜ್ಜಿ. "ಸುಮ್ನೆ ಹೇಳು, ಸಾಕು."

ಅಮ್ಮ ಗೂಟದ ಗೆರೆಯ ಕಡೆ ನೋಡಿದಳು. ಆ ಮಾತು ಕೊಡಲಿಲ್ಲ. ಬಿಸಿಲು ಏರಿದ ಮೇಲೆ ಎಲೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆವು.

ಅಮ್ಮನಿಗೆ ವರ್ಗವಾಯಿತು, ಬಾಲಿಗಂಜ್‌ನ ಮನೆ ಹೋಯಿತು. ಕೆಲವು ವರ್ಷಗಳ ನಂತರ ರಾಮನಾಥಪುರದಲ್ಲಿ ಅಜ್ಜಿ ತೀರಿಕೊಂಡಳು. ಹತ್ತನೆಯ ದಿನ ಹೊಳೆದಂಡೆಯಲ್ಲಿಟ್ಟ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಮೊಮ್ಮಗಳ ಮದುವೆ ಮಾಡುತ್ತೇವೆ ಎಂದರು, ಕಾಶಿಗೆ ಹೋಗಿ ಬರುತ್ತೇವೆ ಎಂದರು. ಮುದುಕಿಗೆ ಇನ್ನೇನು ಆಸೆಯಿತ್ತೋ ಎಂದು ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಪಿಂಡವನ್ನು ಹಸುವಿಗೆ ತಿನ್ನಿಸಿದರು.