ಮಾತೆ ದಾಟಿ ಹೋದ ಮನೆ

“ಎಂತ ಗುರಿಕಾರ್ರೆ, ನಮ್ಮ ಮನೆ ಬಿಟ್ಟು ಹೋಗುದಾ?”

ಸೆಲಿನ್ ಬಾಯಿ ರಸ್ತೆಗೇ ಇಳಿದು ಬಂದು ಹೀಗೆ ಕೇಳಿದಾಗ ಕ್ಯಾಂಡಲ್ ಹಿಡಿದು ಹೊರಟಿದ್ದ ನಾವೆಲ್ಲ ಗರಬಡಿದವರಂತೆ ನಿಂತೆವು. ಗುರಿಕಾರ ಲಾರೆನ್ಸರ ಕೈಯಲ್ಲಿ ಮೇರಿ ಮಾತೆಯ ಪ್ರತಿಮೆ. ಅವರು ನಮ್ಮ ಮುಖ ನೋಡಿದರು. ನಾವು ನೆಲ ನೋಡಿದೆವು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅಕ್ಟೋಬರ್ ನಮಗೆ ಜಪಸರದ ತಿಂಗಳು. ಕಬಕದ ನಮ್ಮ ವಾಳೆಯಲ್ಲಿ (ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪಿಗೆ ವಾಳೆ ಅನ್ನುತ್ತೇವೆ, ಅದಕ್ಕೊಬ್ಬರು ಗುರಿಕಾರರು) ಮಾತೆಯ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ಎಲ್ಲರೂ ಸೇರಿ ಜಪ. ಮರುದಿನ ಸಂಜೆಯವರೆಗೆ ಮಾತೆ ಆ ಮನೆಯ ಅತಿಥಿ. ಜಪ ಕೊಂಕಣಿಯಲ್ಲಿ, ಆಮೇಲಿನ ಚಹಾ ಮತ್ತು ಪಟ್ಟಾಂಗ ತುಳುವಿನಲ್ಲಿ!

ಈ ಸಲ ಸೆಲಿನ್ ಬಾಯಿಯ ಮನೆ ಬಿಡುವುದೆಂದು ನಾವೇ ಮಾತಾಡಿಕೊಂಡಿದ್ದೆವು. ಕೆಟ್ಟ ಮನಸ್ಸಿನಿಂದ ಅಲ್ಲ ಮಾರಾಯ್ರೆ, ಪಾಪ ಅನ್ನಿಸಿ. ಪಿಕಪ್ ಓಡಿಸುತ್ತಿದ್ದ ಗಂಡನಿಗೆ ಸ್ಟ್ರೋಕ್ ಆಗಿ ಒಂದು ಪಕ್ಕ ಬಿದ್ದುಹೋಯಿತು. ಅದರ ಬೆನ್ನಿಗೇ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಕೊನೆಗೆ ಉಳಿದ ಒಬ್ಬಳೇ ಮಗಳು ಪ್ರೀತಿಗೆ ರಕ್ತದ ಕ್ಯಾನ್ಸರ್. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ಇಂಥ ಮನೆಗೆ ಊರೆಲ್ಲ ನುಗ್ಗಿ, ಹಾಡು ಹಾಡಿ, ಚಹಾಕ್ಕೆ ಕಾದು ಕೂರುವುದೇ?

“ನಿಮಗೆ ಉಪದ್ರ ಬೇಡ ಅಂತ ಬಾಯಿ,” ಎಂದರು ಲಾರೆನ್ಸ್, ಮೆಲ್ಲಗೆ.

“ಉಪದ್ರ ಎಂತದು? ಅವರಿಗೂ ಮಗ ಸತ್ತದ್ದಲ್ವಾ?” ಸೆಲಿನ್ ಬಾಯಿ ಪ್ರತಿಮೆಯ ಕಡೆ ಕೈ ತೋರಿಸಿದರು. “ನನ್ನ ಒಟ್ಟಿಗೆ ಒಂದು ದಿನ ಕೂತ್ಕೊಳ್ಳಿಕ್ಕೆ ಅವರಿಗೆ ಬೇಸರ ಆಗ್ಲಿಕ್ಕಿಲ್ಲ. ನಿಮಗೆ ಆಗುದಾದ್ರೆ ನೀವು ಹೊರಗೆ ನಿಲ್ಲಿ.”

ತೆಪ್ಪಗೆ ಅವರ ಹಿಂದೆ ಹೋದೆವು.

ಒಳಗೆ ಮೇಜಿನ ಮೇಲೆ ಇಸ್ತ್ರಿ ಹಾಕಿದ ಬಿಳಿ ಬಟ್ಟೆ ಹಾಸಿತ್ತು. ಎರಡು ಗ್ಲಾಸಿನಲ್ಲಿ ದಾಸವಾಳ. ಅಂದರೆ ನಾವು ಬಂದೇ ಬರುತ್ತೇವೆಂದು ಕಾದಿದ್ದರು. ಗಂಡ ಕುರ್ಚಿಯಲ್ಲಿ, ಮಗಳು ಮಂಚದಲ್ಲಿ. ತಲೆಗೆ ಶಾಲು ಕಟ್ಟಿಕೊಂಡಿದ್ದ ಪ್ರೀತಿ ನನ್ನನ್ನು ನೋಡಿ ನಕ್ಕಳು. ನನಗೆ ತಿರುಗಿ ನಗಲಿಕ್ಕೂ ಆಗಲಿಲ್ಲ.

ಜಪದ ಕೊನೆಗೆ ಆ ಮನೆಯವರು ತಮ್ಮ ಕೋರಿಕೆ ಹೇಳಬೇಕು, ಉಳಿದವರು ಅದಕ್ಕಾಗಿ ಪ್ರಾರ್ಥಿಸಬೇಕು. ಸಾಮಾನ್ಯವಾಗಿ ಮಗನ ವೀಸಾ, ಮಗಳ ಮದುವೆ, ಪರೀಕ್ಷೆ. (ನಾನೊಮ್ಮೆ ಬೋರ್‌ವೆಲ್‌ಗೆ ನೀರು ಕೇಳಿದವಳು.) ಸೆಲಿನ್ ಬಾಯಿ ಏನು ಕೇಳುತ್ತಾರೆಂದು ನಮಗೆಲ್ಲ ಗೊತ್ತಿತ್ತು. ಮಗಳು ಗುಣವಾಗಲಿ. ಇನ್ನೇನು?

ಅವರು ಮಗಳ ಪಾದದ ಮೇಲೆ ಕೈ ಇಟ್ಟುಕೊಂಡು, ಗಂಡನ ಕಡೆ ನೋಡಿ ಹೇಳಿದರು: “ಇವರಿಗೋಸ್ಕರ ಕೇಳಿದೆ. ಮಗನಿಗೆ ಕೇಳಿದೆ. ಇವಳಿಗೆ ದಿನಾ ಕೇಳ್ತಾ ಇದ್ದೇನೆ. ಇವತ್ತು ನನಗೋಸ್ಕರ ಕೇಳುದು. ನಾಳೆ ಎಂತ ಆದ್ರೂ ನಾನು ದೇವರ ಹತ್ರ ಮಾತು ಬಿಡುವ ಹಾಗೆ ಆಗದಿರಲಿ.”

ಮೊದಲು ಆಮೆನ್ ಎಂದದ್ದು ಪ್ರೀತಿ. ಅವಳ ಹಿಂದೆ ನಾವೆಲ್ಲ.

ಆ ಹುಡುಗಿ ಕಳೆದ ವಾರ ಹೋದಳು.

ಮಣ್ಣು ಮಾಡಿದ ಮೂರನೇ ದಿನವೇ ಭಾನುವಾರ. ಈ ಭಾನುವಾರ ಅವರು ಚರ್ಚಿಗೆ ಬರುತ್ತಾರೆಂದು ನಾನಂತೂ ಅಂದುಕೊಂಡಿರಲಿಲ್ಲ. ಬಂದರು. ಯಾವಾಗಲೂ ಕೂರುವ ಜಾಗದಲ್ಲೇ ಕೂತರು. ಹೋಗಿ ಪಕ್ಕದಲ್ಲಿ ಕೂತೆ. ಅತ್ತು ಅತ್ತು ಸ್ವರ ಹೋಗಿತ್ತು, ಆದರೂ ತುಟಿ ಅಲ್ಲಾಡುತ್ತಲೇ ಇತ್ತು. ನಡುನಡುವೆ ಕಣ್ಣೊರೆಸಿಕೊಳ್ಳುವುದು, ಮತ್ತೆ ಶುರು ಮಾಡುವುದು. ನನ್ನ ಬಾಯಿಂದ ಒಂದಕ್ಷರ ಜಪ ಹೊರಡಲಿಲ್ಲ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಬೇಡಿ. (ನಮ್ಮ ಫಾದರ್ ಈ ಅಂಕಣ ಓದುತ್ತಾರೆ.)

ಓದಿದರೂ ಅಡ್ಡಿಯಿಲ್ಲ, ಕೇಳಿಯೇಬಿಡುತ್ತೇನೆ. ಇಷ್ಟಾದರೂ ಸೆಲಿನ್ ಬಾಯಿ ಮಾತು ಬಿಟ್ಟಿಲ್ಲ. ಆ ಕಡೆಯಿಂದಲೂ ಒಂದು ಮಾತು ಬರಬಾರದೇ?